ಬಸ್ಸಿನಲ್ಲಿ ಬಂದ ಸರ್ವೀಸ್ ಪ್ಯಾಕ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಬಸವಕಲ್ಯಾಣ, ಹುಮನಾಬಾದಿನ ಅಂಗಡಿಗಳಲ್ಲಿ ಕಂಪ್ಯೂಟರ್ ಮಾತ್ರ ಹಳೆಯದೇ ಇದೆ. ಇಪ್ಪತ್ತು ವರ್ಷದ ಹಿಂದೆ ಇಲ್ಲಿಗೆ ಅಪ್‌ಡೇಟ್ ತಂತಿಯಲ್ಲಿ ಬರುತ್ತಿರಲಿಲ್ಲ. ಒಂದೇ ಕಟ್ಟಾಗಿ, ಸಿ.ಡಿ.ಯಲ್ಲಿ, ಸಾರಿಗೆ ಬಸ್ಸು ಹತ್ತಿ ಬರುತ್ತಿತ್ತು. ಆ ಕಟ್ಟು ಊರಿಗೆ ಏನೇನು ತಂದಿತು?

ದೀಪಾವಳಿ ಅಮಾವಾಸ್ಯೆಗೆ ಇನ್ನೆರಡು ದಿನ. ಬಸವಕಲ್ಯಾಣದ ಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಝೆರಾಕ್ಸ್ ಅಂಗಡಿ. ಹೊರಗೆ ಬಾಗಿಲಿಗೆ ಚೆಂಡುಹೂವಿನ ಸರ ಕಟ್ಟುತ್ತಿದ್ದಾರೆ. ಒಳಗೆ, ದಸರೆಯಲ್ಲಿ ಹಚ್ಚಿದ ಕುಂಕುಮ ಇನ್ನೂ ಅಳಿಸದ ಕಂಪ್ಯೂಟರಿನ ಮುಂದೆ ಒಬ್ಬ ಹೆಣ್ಣುಮಗಳು ಕೂತಿದ್ದಾರೆ. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ. ಅದರಲ್ಲಿ ಆಧಾರ್ ಕಾರ್ಡು, ತಂದೆಯ ಹೆಸರಿನ ಹಳೆಯ ಪಹಣಿ. ಹೊಸ ಪಹಣಿಯಲ್ಲಿ ಅಣ್ಣತಮ್ಮಂದಿರ ಜೊತೆ ತನ್ನ ಹೆಸರೂ ಏರಿದೆಯೋ ಇಲ್ಲವೋ ನೋಡಲು ಬಂದಿದ್ದಾರೆ.

ಪರದೆಯ ಮೇಲೆ ಪಹಣಿ ಇಲ್ಲ. ನೀಲಿ ಬಣ್ಣ, ಗುಂಡಗೆ ತಿರುಗುವ ಬಿಳಿ ಚುಕ್ಕಿಗಳು, ಕೆಳಗೆ 35%.

"ತಮ್ಮಾ, ಇನ್ನಾ ಎಷ್ಟೊತ್ತು ಹಿಡೀತದ?"

"ಕೂಡ್ರಿ ಅಕ್ಕಾ, ಅಪ್‌ಡೇಟ್ ನಡದದ. ನಡೂಕ ಬಂದ್ ಮಾಡ್ಲಾಕ ಬರಂಗಿಲ್ಲ."

ಆ ಹುಡುಗನ ಕಣ್ಣು ಪರದೆಗಿಂತ ಹೆಚ್ಚಾಗಿ ಮೂಲೆಯ ಯುಪಿಎಸ್ ಮೇಲೆ. ಈಗ ಕರೆಂಟ್ ಹೋದರೆ, ಅದು ಹತ್ತು ನಿಮಿಷವಾದರೂ ತಡೆಯಬೇಕು. ಅಂಗಡಿಯಲ್ಲಿರುವ ಕಂಪ್ಯೂಟರ್ ಇದೊಂದೇ. ಅದರೊಳಗೆ ಈಗ ಇಳಿಯುತ್ತಿರುವುದು ವಿಂಡೋಸ್ 10ಕ್ಕೆ ಎಲ್ಲರಿಗೂ ಪುಕ್ಕಟೆಯಾಗಿ ಸಿಕ್ಕ ಕೊನೆಯ ಕಟ್ಟು. ಮೈಕ್ರೋಸಾಫ್ಟ್ ಅದನ್ನು 2025ರ ಅಕ್ಟೋಬರ್ 14ರ ಮಂಗಳವಾರ ಬಿಟ್ಟಿತು. 2015ರ ಜುಲೈ 29ರಂದು ಶುರುವಾದ ಹತ್ತು ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು.

ಆ ಬಿಳಿ ಚುಕ್ಕಿಗಳನ್ನು ನೋಡುತ್ತ ನನಗೆ 2005ರ ಬೇಸಿಗೆ ನೆನಪಾಯಿತು.

ಆಗ ಹುಮನಾಬಾದಿನ ಗೆಳೆಯನೊಬ್ಬನ ಹತ್ತಿರ ಒಂದು ಸಿ.ಡಿ. ಇತ್ತು. ಮೇಲೆ ನೀಲಿ ಪೆನ್ನಿನಲ್ಲಿ 'ಎಸ್‌ಪಿ 2' ಎಂದು ಬರೆದಿತ್ತು. ಹೈದರಾಬಾದಿಗೆ ಹೋದ ಯಾರೋ ತಂದದ್ದು. ಅದನ್ನು ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟುಕೊಂಡು ನಾನು ಈಶಾನ್ಯ ಸಾರಿಗೆ ಬಸ್ಸು ಹತ್ತಿದೆ. ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಬಸವಕಲ್ಯಾಣಕ್ಕೆ ತಿರುಗುವವರೆಗೂ ಕೈ ಆ ನೋಟ್‌ಬುಕ್ಕಿನ ಮೇಲೇ ಇತ್ತು. ಸಿ.ಡಿ.ಗೆ ಗೀರು ಬಿದ್ದರೆ ಮತ್ತೊಂದು ಸಿಗಲು ತಿಂಗಳು ಹಿಡಿಯುತ್ತಿತ್ತು.

ಆ ವಾರ ಆ ಸಿ.ಡಿ. ನಾಲ್ಕು ಅಂಗಡಿ, ಎರಡು ಮನೆ ಸುತ್ತಿತು. ಪ್ರತಿ ಕಡೆಯೂ ಮುಕ್ಕಾಲು ಗಂಟೆ ಕೂತು ಕಾದೆವು.

ತಂತಿಯಲ್ಲೇ ತರಿಸಿಕೊಳ್ಳಬಹುದಿತ್ತಲ್ಲ ಎಂದು ಇವತ್ತಿನ ಹುಡುಗರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವೀಸ್ ಪ್ಯಾಕಿನ, ಅಂದರೆ ಆ ಎಸ್‌ಪಿ 2ರ, ಪೂರ್ಣ ಕಡತ ಸುಮಾರು 266 ಎಂಬಿ. ಫೋನಿನ ತಂತಿಗೆ ಮೋಡೆಮ್ ಹಚ್ಚಿದರೆ ಕಾಗದದ ಮೇಲೆ ಸಿಗುವ ವೇಗ ಸೆಕೆಂಡಿಗೆ 56 ಕಿಲೋಬಿಟ್. ಒಂದು ಕ್ಷಣವೂ ಲೈನ್ ಕಡಿಯದಿದ್ದರೂ ಹತ್ತು ಗಂಟೆಗೆ ಮಿಕ್ಕಿ ಬೇಕು. ಅಷ್ಟು ಹೊತ್ತೂ ಮನೆಯ ಫೋನು ಎಂಗೇಜ್, ಬಿಲ್ಲು ಓಡುತ್ತಲೇ ಇರುತ್ತದೆ. ಇನ್ನು ಲೈನ್ ಕಡಿಯದ ಹತ್ತು ಗಂಟೆಯನ್ನು ನಮ್ಮ ಕಡೆ ಆಗ ಯಾರೂ ಕಂಡಿರಲಿಲ್ಲ.

2004ರಲ್ಲಿ ಕೇಂದ್ರ ಸರ್ಕಾರ ತಂದ ನೀತಿಯ ಪ್ರಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 256 ಕಿಲೋಬಿಟ್ ಸಾಕಾಗಿತ್ತು. ಅದು ಬಂದ ಮೇಲೂ ತಿಂಗಳಿಗೆ ಇಷ್ಟೇ ಎಂಬಿ ಎಂಬ ಮಿತಿ. ಆಮೇಲೆ ಬಿಎಸ್‌ಎನ್‌ಎಲ್ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಿ ಎಂಬ ಪ್ಲಾನ್ ಕೊಟ್ಟಿತು. ಅಲಾರಂ ಇಟ್ಟು ಎರಡಕ್ಕೆ ಎದ್ದು, ಡೌನ್‌ಲೋಡ್ ಹಚ್ಚಿ ಮತ್ತೆ ಮಲಗಿದವರ ಒಂದು ಇಡೀ ತಲೆಮಾರು ಈ ನಾಡಿನಲ್ಲಿದೆ. ಒಬ್ಬ ಹಾಗೆ ಇಳಿಸಿದರೆ ಹತ್ತು ಜನಕ್ಕೆ ಸಿ.ಡಿ. ಸಿಗುತ್ತಿತ್ತು.

ಕಟ್ಟು ಅಂದರೆ ಇಷ್ಟು
*ಒಂದು ತೂತು ಮುಚ್ಚುವ ಸಣ್ಣ ತೇಪೆಗೆ ಪ್ಯಾಚ್ ಎನ್ನುತ್ತಾರೆ. ವರ್ಷಗಟ್ಟಲೆ ಬಂದ ಇಂಥ ನೂರಾರು ತೇಪೆಗಳನ್ನು ಒಟ್ಟಿಗೆ ಪರೀಕ್ಷಿಸಿ, ಕೆಲವು ಹೊಸ ಸವಲತ್ತೂ ಸೇರಿಸಿ ಒಂದೇ ಕಡತ ಮಾಡಿದರೆ ಅದು ಸರ್ವೀಸ್ ಪ್ಯಾಕ್. ಎಕ್ಸ್‌ಪಿಗೆ 2002, 2004, 2008ರಲ್ಲಿ ಹೀಗೆ ಮೂರು ಬಂದವು. ಮೂರನೆಯದರಲ್ಲಿ ಸಾವಿರಕ್ಕೂ ಹೆಚ್ಚು ತಿದ್ದುಪಡಿಗಳಿದ್ದವು. ವಿಂಡೋಸ್ 7ಕ್ಕೆ ಬಂದದ್ದು ಒಂದೇ, 2011ರ ಫೆಬ್ರುವರಿಯಲ್ಲಿ. ವಿಂಡೋಸ್ 8ರಿಂದ ಆ ಹೆಸರೇ ಇಲ್ಲ.*

ಎಸ್‌ಪಿ 2ಕ್ಕಾಗಿ ಅಷ್ಟು ಹಂಬಲ ಯಾಕಿತ್ತು? 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವರ್ಮ್ ಜಗತ್ತನ್ನೇ ಸುತ್ತಿತು. ಯಾವ ಫೈಲೂ ತೆರೆಯಬೇಕಿಲ್ಲ, ಯಾವ ಲಿಂಕೂ ಒತ್ತಬೇಕಿಲ್ಲ. ನೆಟ್‌ಗೆ ಜೋಡಿಸಿದರೆ ಸಾಕು, ಒಂದು ನಿಮಿಷದಲ್ಲಿ ಕಂಪ್ಯೂಟರ್ ಬಂದ್ ಆಗುತ್ತದೆ ಎಂಬ ಎಣಿಕೆ ಪರದೆ ಮೇಲೆ ಬರುತ್ತಿತ್ತು. ಅದು ನುಗ್ಗುತ್ತಿದ್ದ ತೂತಿಗೆ ತೇಪೆ ಜುಲೈ 16ಕ್ಕೇ ಸಿದ್ಧವಾಗಿತ್ತು. ಹಾಕಿಕೊಂಡವರು ಕಡಿಮೆ. ತೇಪೆ ಬೇಕೆಂದರೆ ನೆಟ್‌ಗೆ ಹೋಗಬೇಕು, ನೆಟ್‌ಗೆ ಹೋದರೆ ರೋಗ ಹತ್ತುತ್ತದೆ. ಸಣ್ಣ ಊರಿನವರು ಆ ಸುಳಿಯಿಂದ ಹೊರಬಂದದ್ದು ಸಿ.ಡಿ.ಯಿಂದಲೇ. ಎರಡನೇ ಸರ್ವೀಸ್ ಪ್ಯಾಕ್ ಹಾಕಿದೊಡನೆ ಫೈರ್‌ವಾಲ್ ತಾನಾಗಿಯೇ ಚಾಲೂ ಆಗುತ್ತಿತ್ತು. ಅದಕ್ಕೂ ಮುಂಚೆ ಆ ಬಾಗಿಲು ಇತ್ತು, ಹಾಕಿಕೊಳ್ಳುವ ಜವಾಬ್ದಾರಿ ನಮ್ಮದಾಗಿತ್ತು.

ಬಸವಕಲ್ಯಾಣದವನಾದ ನನಗೆ ಆ ಸಿ.ಡಿ. ಬೇರೆ ಕಾರಣಕ್ಕೂ ನೆನಪಿದೆ. ಅದು ಊರಿನ ಹೆಸರಿನ ಪ್ರಶ್ನೆ.

2001ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಪಿಯೊಳಗೆ ಕನ್ನಡ ಇತ್ತು. ತುಂಗಾ ಎಂಬ ಫಾಂಟ್ ಇತ್ತು, ಕನ್ನಡ ಕೀಲಿಮಣೆ ಇತ್ತು. ಆದರೆ ಅದು ಮಲಗಿತ್ತು. ಎಬ್ಬಿಸಬೇಕೆಂದರೆ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಗಳ ಪಟ್ಟಿಯಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಬೇಕು. ಹಾಕಿದ ತಕ್ಷಣ ಅದು ವಿಂಡೋಸಿನ ಮೂಲ ಸಿ.ಡಿ. ಕೇಳುತ್ತಿತ್ತು. ಅಂಗಡಿಯವ ಹಾಕಿಕೊಟ್ಟ ವಿಂಡೋಸಿಗೆ ಮೂಲ ಸಿ.ಡಿ. ಎಲ್ಲಿಂದ ತರುವುದು?

ಹಾಗಾಗಿ 'ಕಲ್ಯಾಣ' ಎಂಬ ಹೆಸರು ನಮ್ಮ ಪರದೆಗಳ ಮೇಲೆ ಮುರಿದೇ ಕಾಣುತ್ತಿತ್ತು. ಲ್ಯ ಎಂಬ ಒತ್ತಕ್ಷರ ಕೂಡುತ್ತಿರಲಿಲ್ಲ. ಲ್ ಬೇರೆ, ಯಾ ಬೇರೆ ನಿಲ್ಲುತ್ತಿದ್ದವು. ಕೆಲವು ಕಡೆ ಅದೂ ಇಲ್ಲ, ಬರೀ ಖಾಲಿ ಚೌಕಗಳ ಸಾಲು. ಕನ್ನಡದ ಕಾಗುಣಿತ, ಒತ್ತುಗಳನ್ನು ಸರಿಯಾದ ಜಾಗಕ್ಕೆ ಕೂಡಿಸುವ ಕೆಲಸ ಮಾಡುವುದು ಫಾಂಟ್ ಒಂದೇ ಅಲ್ಲ, ವಿಂಡೋಸಿನೊಳಗಿನ ಯೂನಿಸ್ಕ್ರೈಬ್ ಎಂಬ ಭಾಗ. ಎರಡನೇ ಸರ್ವೀಸ್ ಪ್ಯಾಕಿನಲ್ಲಿ ಅದರ ಹೊಸ ಆವೃತ್ತಿ ಇತ್ತು. ಬಂಗಾಳಿ, ಮಲಯಾಳಂ ಭಾಷೆಗಳು ವಿಂಡೋಸಿಗೆ ಕಾಲಿಟ್ಟದ್ದೂ ಅದೇ ಕಟ್ಟಿನಲ್ಲಿ.

ಅಂಗಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸರ್ವೀಸ್ ಪ್ಯಾಕನ್ನು ವಿಂಡೋಸಿನ ಸಿ.ಡಿ.ಯೊಳಗೇ ಬೆಸೆದು ಹೊಸ ಸಿ.ಡಿ. ಸುಡುವುದನ್ನು ಕಲಿತರು. "ಫಾರ್ಮ್ಯಾಟ್ ಹೊಡೆದು ಎಸ್‌ಪಿ 2 ಹಾಕಿ ಕೊಡ್ತೀನ್ರಿ" ಎನ್ನುವುದು ಆಗ ಹುಮನಾಬಾದಿನ ರಿಪೇರಿ ಅಂಗಡಿಗಳ ದಿನನಿತ್ಯದ ಮಾತು. ಹಾಕುವಾಗಲೇ ಕನ್ನಡದ ಚೌಕಕ್ಕೂ ಟಿಕ್ ಹಾಕಿಕೊಟ್ಟ ಒಬ್ಬ ರಿಪೇರಿಯವನನ್ನು ನಾನು ಬಲ್ಲೆ. ಯಾರೂ ಕೇಳಿರಲಿಲ್ಲ, ದುಡ್ಡೂ ತೆಗೆದುಕೊಳ್ಳಲಿಲ್ಲ. ಕನ್ನಡಕ್ಕೆ ಆತ ಮಾಡಿದ್ದು ಸಣ್ಣ ಸೇವೆ ಎಂದು ನಾನು ಎಂದೂ ಅಂದುಕೊಂಡಿಲ್ಲ.

ಅಲ್ಲಿಯವರೆಗೆ ಕನ್ನಡವನ್ನು ಹೊತ್ತದ್ದು 'ಬರಹ' ಮತ್ತು 'ನುಡಿ'. ಶೇಷಾದ್ರಿವಾಸು ಬರಹವನ್ನು 1998ರಲ್ಲೇ ಕೊಟ್ಟಿದ್ದರು, ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿತು. ಮದುವೆ ಪತ್ರಿಕೆ, ಕರಪತ್ರ, ಅರ್ಜಿ ಎಲ್ಲವೂ ಅವುಗಳಲ್ಲೇ. ತೊಂದರೆ ಎಂದರೆ ಅವುಗಳ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಡತ ಹೋದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಹುಡುಕಲು ಬರುತ್ತಿರಲಿಲ್ಲ. ಕನ್ನಡ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡಿಗೆ ದಾಟಿದ ಮೇಲೆಯೇ 'ವಚನ ಸಂಚಯ'ದಂಥ ತಾಣ ಸಾಧ್ಯವಾಯಿತು. ಕಲ್ಯಾಣದಲ್ಲಿ ಹುಟ್ಟಿದ ಮಾತೂ ಸೇರಿ 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಈಗ ಕ್ಷಣದಲ್ಲಿ ತಿಳಿಯಬಹುದು. ವಿಂಡೋಸ್ ವಿಸ್ಟಾ ಬಂದ ಮೇಲೆ ಚೌಕಕ್ಕೆ ಟಿಕ್ ಹಾಕುವ ಕೆಲಸವೂ ತಪ್ಪಿತು.

ಇನ್ನೊಂದು ಗುರುತು ನೋಡಿ, ₹. ಕೇಂದ್ರ ಸಂಪುಟ ಅದನ್ನು ಒಪ್ಪಿದ್ದು 2010ರ ಜುಲೈ 15ರಂದು. ಅದೇ ವರ್ಷ ಯೂನಿಕೋಡಿಗೂ ಸೇರಿತು. ಆದರೆ ಹುಮನಾಬಾದಿನ ಅಡತಿ ಅಂಗಡಿಯ ಕಂಪ್ಯೂಟರಿಗೆ ಅದು ಗೊತ್ತಾಗಬೇಕಲ್ಲ? ವಿಸ್ಟಾ, ವಿಂಡೋಸ್ 7ಕ್ಕೆ ಆ ಗುರುತು ಒಂದು ಅಪ್‌ಡೇಟಿನಲ್ಲೇ ಬಂತು. ಹಾಕಿಕೊಂಡವರ ರಸೀದಿಯಲ್ಲಿ ₹ ಮೂಡಿತು. ಹಾಕಿಕೊಳ್ಳದವರ ತೊಗರಿ ಲೆಕ್ಕದಲ್ಲಿ ಆ ಜಾಗಕ್ಕೆ ಖಾಲಿ ಚೌಕ.

ಅಪ್‌ಡೇಟ್ ಅಂದರೆ ಕಳ್ಳರಿಗೆ ಬೀಗ ಎಂದಷ್ಟೇ ತಿಳಿದವರಿಗೆ ಇದನ್ನು ಹೇಳಬೇಕು. ನಮ್ಮ ಅಕ್ಷರ, ನಮ್ಮ ಹಣದ ಗುರುತು ಎರಡೂ ನಮ್ಮನ್ನು ಮುಟ್ಟಿದ್ದು ಇದೇ ದಾರಿಯಲ್ಲಿ.

ಮತ್ತೆ ಆ ಅಂಗಡಿಗೆ ಬರೋಣ. 62% ಆಗಿದೆ. ಹುಡುಗ ಎರಡು ಲೋಟ ಚಹಾ ತರಿಸಿದ್ದಾನೆ.

ಆ ಹೆಣ್ಣುಮಗಳ ಕೈಯಲ್ಲಿರುವ ಪಹಣಿಗೂ ಒಂದು ಕತೆ ಇದೆ, ಅದು ಇದೇ ಊರಿನಲ್ಲಿ ಶುರುವಾಗುತ್ತದೆ. ಚಾಳುಕ್ಯ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ ಅರ್ಧ ಶತಮಾನ ಆಳಿದ್ದು ಈ ಕಲ್ಯಾಣದಿಂದ. ಅವನ ಕಾಲದಲ್ಲಿ ಇಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಮೂಲವನ್ನು ಬದಿಗೆ ಒತ್ತಲಿಲ್ಲ, ಅದರ ಮೇಲೆಯೇ ಬಿಡಿಸಿ ಬರೆದ. ಬಂಗಾಳ, ಅಸ್ಸಾಂ ಕಡೆಯ ಭಾಗ ಬಿಟ್ಟು ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಪಾಲು ಶತಮಾನಗಟ್ಟಲೆ ನಡೆದದ್ದು ಅದರ ಪ್ರಕಾರ. ಹುಟ್ಟುತ್ತಲೇ ಪಿತ್ರಾರ್ಜಿತದಲ್ಲಿ ಹಕ್ಕು, ಆದರೆ ಗಂಡುಮಕ್ಕಳಿಗೆ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಆ ತೂತನ್ನು ಹಾಗೇ ಉಳಿಸಿತು.

ಆಮೇಲೆ ತೇಪೆಗಳು ಬಂದವು, ರಾಜ್ಯಕ್ಕೊಂದರಂತೆ. ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ, ಕರ್ನಾಟಕ ಮತ್ತು ಮಹಾರಾಷ್ಟ್ರ 1994ರಲ್ಲಿ ಹೆಣ್ಣುಮಕ್ಕಳನ್ನು ಪಾಲಿಗೆ ಸೇರಿಸಿದವು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು, ಆಗಲೇ ಮದುವೆಯಾದವರು ಹೊರಗೇ ಉಳಿದರು. ಒಂದೊಂದು ಕಡೆ ಒಂದೊಂದು ತೇಪೆ. ಕೊನೆಗೆ 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಒಂದೇ ತಿದ್ದುಪಡಿ. ಮದುವೆಯಾದರೂ ಆಗದಿದ್ದರೂ ಮಗಳು ಮಗನಷ್ಟೇ ಪಾಲುದಾರಳು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲ ಉಳಿದಿತ್ತು. ಅದನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಬಗೆಹರಿಸಿತು, ಬದುಕಿರಬೇಕಾಗಿಲ್ಲ.

ನಾನು ಬಸ್ಸಿನಲ್ಲಿ ಸಿ.ಡಿ. ತಂದ ವರ್ಷವೂ ಅದೇ 2005. ಬಿಡಿ ತೇಪೆಗಳನ್ನು ಬಿಟ್ಟು ಎಲ್ಲರಿಗೂ ಒಂದೇ ಕಟ್ಟು ಕೊಡುವುದರ ಬೆಲೆ ಇದು. ಯಾರಿಗೆ ಯಾವುದು ತಲುಪಿದೆ, ಯಾರಿಗೆ ತಪ್ಪಿದೆ ಎಂಬ ಲೆಕ್ಕವೇ ಬೇಕಾಗುವುದಿಲ್ಲ.

ಪಹಣಿಯೂ ಅಷ್ಟೇ. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪ್ರತಿ ಸಿಗುತ್ತಿತ್ತು. ಕೈಬರಹದ ಪಹಣಿಯ ಕಾಲ ಮುಗಿಯಿತು. ಈಗ ಅದು ಊರಿನ ಝೆರಾಕ್ಸ್ ಅಂಗಡಿಗೂ ಬಂದಿದೆ. ಹಾಗಾಗಿಯೇ ಇಂಥ ಒಂದು ಅಂಗಡಿಯ ಕಂಪ್ಯೂಟರ್ ಕೆಟ್ಟರೆ ನಿಲ್ಲುವುದು ಒಬ್ಬರ ವ್ಯಾಪಾರ ಮಾತ್ರವಲ್ಲ.

ಸರ್ವೀಸ್ ಪ್ಯಾಕಿನಂಥ ಇಷ್ಟು ಒಳ್ಳೆಯ ಪದ್ಧತಿಯನ್ನು ಯಾಕೆ ಬಿಟ್ಟರು? ಕಳ್ಳರು ವೇಗವಾದರು, ಕೆಲವು ವರ್ಷಕ್ಕೊಮ್ಮೆ ಬರುವ ಕಟ್ಟು ಸಾಲದಾಯಿತು. 2003ರ ಅಕ್ಟೋಬರಿನಿಂದಲೇ ಮೈಕ್ರೋಸಾಫ್ಟ್ ತಿಂಗಳ ಎರಡನೇ ಮಂಗಳವಾರ ತೇಪೆ ಬಿಡುವ ರೂಢಿ ಹಿಡಿದಿತ್ತು. ವಿಂಡೋಸ್ 7ರಲ್ಲಿ ಒಂದೇ ಸರ್ವೀಸ್ ಪ್ಯಾಕಿಗೆ ನಿಲ್ಲಿಸಿದ ಮೇಲೆ ಏನಾಯಿತು ಎನ್ನುವುದು ರಿಪೇರಿಯವರಿಗೆ ಗೊತ್ತು. ಹೊಸದಾಗಿ ವಿಂಡೋಸ್ ಹಾಕಿದರೆ ಇನ್ನೂರಕ್ಕೂ ಹೆಚ್ಚು ತೇಪೆಗಳು ಸಾಲುಗಟ್ಟುತ್ತಿದ್ದವು. ಹುಡುಕುವುದಕ್ಕೇ ಗಂಟೆಗಟ್ಟಲೆ. 2016ರ ಮೇ ತಿಂಗಳಲ್ಲಿ ಐದು ವರ್ಷದ ತೇಪೆಗಳ ದೊಡ್ಡ ಕಟ್ಟನ್ನು ಅವರೇ ಕೊಡಬೇಕಾಯಿತು. ಅದೇ ಅಕ್ಟೋಬರಿನಿಂದ ತಿಂಗಳಿಗೊಂದು ಕಟ್ಟು. ಕಟ್ಟು ಮರಳಿತು, ಆದರೆ ಸದಾ ನೆಟ್ ಇರುವವರನ್ನು ನಂಬಿ.

ಇಲ್ಲಿ ನನ್ನ ದೂರು ಇದೆ. ಲೈನ್ ಸಣ್ಣದಿರುವ, ಕರೆಂಟ್ ಹೋಗಿಬರುವ ಊರಿನಲ್ಲಿ ಜನ ಏನು ಮಾಡಿದರು? ಅಪ್‌ಡೇಟನ್ನೇ ಬಂದ್ ಮಾಡಿಸಿದರು. ಅಸಲಿ ಅಲ್ಲದ ವಿಂಡೋಸ್ ಹಾಕಿಸಿಕೊಂಡವರು ಸಿಕ್ಕಿಬೀಳುವ ಹೆದರಿಕೆಯಿಂದ ಬಂದ್ ಮಾಡಿಸಿದರು. ಗಿರಾಕಿ ಕೂತಿರುವಾಗ ರೀಸ್ಟಾರ್ಟ್ ಆದ ಸಿಟ್ಟಿಗೆ ಉಳಿದವರು. ನಮ್ಮ ಮನೆಯ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಾಗಲೂ, ಕೇಳದೆಯೇ ಅಪ್‌ಡೇಟ್ ಆರಿಸಿ ಕೊಟ್ಟಿದ್ದರು. ಎರಡು ವರ್ಷ ನನಗೆ ಗೊತ್ತೇ ಆಗಲಿಲ್ಲ. ಆ ತೆರೆದ ತೂತಿನಿಂದಾಗಿ ಹೋದದ್ದು ಮಗಳ ಶಾಲೆಯ ಫೋಟೋಗಳು. ಮರಳಿ ಬರಲಿಲ್ಲ.

2017ರ ಮೇ 12ರಂದು ವನ್ನಾಕ್ರೈ ಬಂತು. ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುವ ವರ್ಮ್. ಕೇರಳದ ವಯನಾಡಿನ ಒಂದು ಗ್ರಾಮ ಪಂಚಾಯಿತಿಯ ಕಂಪ್ಯೂಟರುಗಳೂ ಸಿಕ್ಕಿಬಿದ್ದವು. ತೇಪೆ ಮಾರ್ಚ್ 14ಕ್ಕೇ ಬಂದಿತ್ತು, ಹಾಕಿಕೊಂಡವರಿಗೆ ಏನೂ ಆಗಲಿಲ್ಲ. ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಮರುದಿನವೇ ತೇಪೆ ಕೊಟ್ಟಿತು.

ಎಟಿಎಮ್ಮಿನೊಳಗೆ ಎಕ್ಸ್‌ಪಿ
*ಎಕ್ಸ್‌ಪಿಯ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಆದರೂ ದೇಶದ ಎಷ್ಟೋ ಎಟಿಎಮ್ಮುಗಳು ಅದರಲ್ಲೇ ಓಡುತ್ತಿದ್ದವು. 2018ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಗಡುವು ಹಾಕಿತು. ಆ ಸೆಪ್ಟೆಂಬರಿಗೆ ಕಾಲು ಭಾಗ, ಡಿಸೆಂಬರಿಗೆ ಅರ್ಧ, 2019ರ ಮಾರ್ಚಿಗೆ ಮುಕ್ಕಾಲು, ಜೂನಿಗೆ ಪೂರ್ತಿ ಬದಲಾಗಬೇಕು ಎಂದಿತು.*

ಅಪ್‌ಡೇಟ್ ಹಾಕಿಕೊಂಡರೂ ತೊಂದರೆ ಬರುವುದುಂಟು, ಅದನ್ನು ಮುಚ್ಚಿಡಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಒಟ್ಟಿಗೆ ಮಲಗಿದವು. ನಮ್ಮ ಹೆದ್ದಾರಿಯ ಆ ತುದಿಯ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲೆಡೆ ತಲುಪಿದ ತಪ್ಪು. ಹಳೆಯ ಸರ್ವೀಸ್ ಪ್ಯಾಕುಗಳನ್ನು ತಿಂಗಳುಗಟ್ಟಲೆ ಜನರ ಕೈಗೆ ಕೊಟ್ಟು ಪರೀಕ್ಷಿಸಿ ಆಮೇಲೆ ಬಿಡುತ್ತಿದ್ದರು. ಆ ನಿಧಾನಕ್ಕೂ ಒಂದು ಅರ್ಥವಿತ್ತು.

ಈಗ ಹುಮನಾಬಾದಿಗೆ ರೈಲು ಬಂದಿದೆ, ಕೈಕೈಗೆ ಮೊಬೈಲ್ ಡೇಟಾ ಬಂದಿದೆ. ಕಂಪ್ಯೂಟರುಗಳು ಮಾತ್ರ ಹಳೆಯವೇ. ವಿಂಡೋಸ್ 11ಕ್ಕೆ ಹೋಗಲು 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಇದ್ದರೆ ಸಾಲದು, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. 2018ಕ್ಕೆ ಹಿಂದಿನ ಬಹುತೇಕ ಯಂತ್ರಗಳು ಅಲ್ಲೇ ನಪಾಸು. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕು ಎಂದು ಝೆರಾಕ್ಸ್ ಅಂಗಡಿಯವನಿಗೆ ಹೇಳುವುದು ನ್ಯಾಯವಲ್ಲ.

ಹಳೆಯ ಕಂಪ್ಯೂಟರ್ ಇದ್ದವರಿಗೆ
*ಮನೆಬಳಕೆಯ ವಿಂಡೋಸ್ 10ಕ್ಕೆ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳು ಸಿಗುತ್ತವೆ. ಮೈಕ್ರೋಸಾಫ್ಟ್ ಖಾತೆಯೊಡನೆ ಸೆಟ್ಟಿಂಗ್ಸ್ ಜೋಡಿಸಿದರೆ ಇದಕ್ಕೆ ದುಡ್ಡು ಕೊಡಬೇಕಿಲ್ಲ. 'ಆಕ್ಟಿವ್ ಅವರ್ಸ್' ಎಂಬಲ್ಲಿ ಅಂಗಡಿಯ ವೇಳೆ ತುಂಬಿದರೆ ಗಿರಾಕಿಯ ಎದುರು ರೀಸ್ಟಾರ್ಟ್ ಆಗದು. ನಾಲ್ಕಾರು ಕಂಪ್ಯೂಟರ್ ಇದ್ದರೆ, ಒಂದರಲ್ಲಿ ಇಳಿದ ಅಪ್‌ಡೇಟನ್ನು ಉಳಿದವು ಅದರಿಂದಲೇ ಪಡೆಯುವಂತೆ 'ಡೆಲಿವರಿ ಆಪ್ಟಿಮೈಸೇಶನ್' ಚಾಲೂ ಮಾಡಿ.*

ಇನ್ನೊಂದು ದಾರಿ ಹಳೆಯದೇ. ತಿಂಗಳ ಕಟ್ಟನ್ನು ಮೈಕ್ರೋಸಾಫ್ಟಿನ ಅಪ್‌ಡೇಟ್ ಕ್ಯಾಟಲಾಗ್ ತಾಣದಿಂದ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು. ಅರ್ಧ ಜಿಬಿಗೆ ಮಿಕ್ಕಿ ತೂಗುವ ಆ ಕಡತವನ್ನು ಪೆನ್‌ಡ್ರೈವಿಗೆ ಹಾಕಿದರೆ, ಹೀಗೆ ನೋಂದಾಯಿಸಿಕೊಂಡ ಕಂಪ್ಯೂಟರಿಗೆ ನೆಟ್ ಇಲ್ಲದಾಗಲೂ ಹಾಕಬಹುದು. ತಾಲ್ಲೂಕಿನ ಗ್ರಂಥಾಲಯದಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಪ್ರತಿ ತಿಂಗಳು ಆ ಒಂದು ಕಡತ ಇಳಿಸಿಟ್ಟು, ಕೇಳಿದವರಿಗೆ ಕೊಡುವ ಏರ್ಪಾಡು ಆಗಬೇಕು. ಊರಿನ ಟ್ಯಾಂಕಿಗೆ ಒಮ್ಮೆ ನೀರು ತುಂಬಿಸಿದರೆ ಓಣಿಗೆಲ್ಲ ಬರುವ ಹಾಗೆ. ಖರ್ಚು ಒಂದು ಪೆನ್‌ಡ್ರೈವಿನದು, ಮತ್ತು ತಿಂಗಳಿಗೊಮ್ಮೆ ಅರ್ಧ ದಿನ ಒಬ್ಬರ ಕೆಲಸ.

100% ಆಯಿತು. ಪರದೆ ಕಪ್ಪಾಯಿತು. ಮೂವರೂ ಸುಮ್ಮನಾದೆವು. ಯುಪಿಎಸ್‌ನ ಸಣ್ಣ ಸದ್ದೊಂದೇ. ಆಮೇಲೆ ವಿಂಡೋಸಿನ ಗುರುತು ಮೂಡಿತು, ಹಿಂದೆಯೇ ಅಂಗಡಿಯ ಹುಡುಗ ಇಟ್ಟುಕೊಂಡಿದ್ದ ಬಸವಣ್ಣನ 108 ಅಡಿ ಮೂರ್ತಿಯ ಚಿತ್ರ.

ಹುಡುಗ ಹೋಬಳಿ, ಊರು, ಸರ್ವೆ ನಂಬರ್ ತುಂಬಿದ. ಪ್ರಿಂಟರು ಒಮ್ಮೆ ಕೆಮ್ಮಿ ಹಾಳೆ ಹೊರಗೆ ಬಿಟ್ಟಿತು. ಆ ಹೆಣ್ಣುಮಗಳು ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಕೆಳಗೆ ಬಂದರು. ಅಣ್ಣನ ಹೆಸರು. ತಮ್ಮನ ಹೆಸರು. ಬೆರಳು ನಿಂತಿತು.

"ಇನ್ನೊಂದು ಕಾಪಿ ತೆಗಿ ತಮ್ಮಾ," ಎಂದರು. "ನನ್ನ ಮಗಳಿಗಿ ಬೇಕು."